ಒಂದು ಒಣಮರ, ಒಂಬತ್ತು ದಿನದ ಪ್ಲಾನು

"ಈ ಮರ ಬೀಳುವಾಗ ಒಂದು ಇರುವೆಯ ಕಾಲೂ ಮುರಿಯಬಾರದು. ನೋಡ್ತಾ ಇರು," ಎಂದು ಸಾಹೇಬರು ಹೆಂಡತಿಯ ಮುಂದೆ ಎದೆ ಸೆಟೆಸಿ ಘೋಷಿಸಿದರು.

ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಸುರಕ್ಷತಾ ಅಧಿಕಾರಿಯಾಗಿ ದುಡಿದು, ನಿವೃತ್ತರಾಗಿ ಊರಾಚೆ ಮನೆ ಮಾಡಿದ್ದ ಅವರಿಗೆ ಎಚ್ಚರಿಕೆ ಹೇಳಲು ಇಷ್ಟು ದಿನ ಹೆಂಡತಿಯೊಬ್ಬರೇ ಗತಿಯಾಗಿದ್ದರು. ಈಗ ಈ ಒಣಮರ ಸಿಕ್ಕಿತ್ತು. ಅಡುಗೆಮನೆಯ ಕಡೆಗೇ ವಾಲಿದ್ದ ಅದರ ಕೊಂಬೆಯೊಂದು ಹೆಂಚು ಒಡೆದು ನೇರ ಹಾಲಿನ ಪಾತ್ರೆಗೇ ಇಳಿದಿತ್ತು. ಅಂದಿನಿಂದ ಹೆಂಡತಿ ಜಗಲಿಯ ಮೇಲೆ ಸ್ಟೌ ಇಟ್ಟುಕೊಂಡು, ಗಾಳಿಗೆ ಆರುತ್ತಿದ್ದ ಉರಿಯ ಜೊತೆ ಗುದ್ದಾಡುತ್ತಿದ್ದರು.

"ರೀ, ಮರ ಕಡಿಯೋನನ್ನ ಕರೆಸಿದ್ರೆ ಅರ್ಧ ಗಂಟೆ ಕೆಲಸ."

"ಅರ್ಧ ಗಂಟೆಲಿ ಕಡಿಯೋಕೆ ಅದೇನು ಸೌತೆಕಾಯಿನಾ? ಮೊದಲು ಅಪಾಯಗಳ ಪಟ್ಟಿ ಆಗ್ಬೇಕು."

ಪಟ್ಟಿ ಆಯಿತು. ಪಟ್ಟಿಗೊಂದು ನಕ್ಷೆ ಆಯಿತು. ಗಾಳಿ ಯಾವ ಹೊತ್ತಿಗೆ ಯಾವ ಕಡೆಯಿಂದ ಬೀಸುತ್ತದೆಂದು ನೋಡಲು ಸಾಹೇಬರು ಮೂರು ದಿನ ಅಂಗಳದಲ್ಲಿ ಬೆರಳೆತ್ತಿಕೊಂಡು ನಿಂತರು. ಒಂಬತ್ತನೆಯ ದಿನ ಹೆಂಡತಿ ಸೌಟು ಕುಕ್ಕಿದರು.

"ಇವತ್ತು ಸಂಜೆಯ ಅಡುಗೆ ಅಡುಗೆಮನೆಲೇ ಆಗ್ಬೇಕು. ಇಲ್ಲಾಂದ್ರೆ ನಾಳೆಯಿಂದ ಈ ಸ್ಟೌ, ಈ ಸೌಟು ಎರಡೂ ನಿಮ್ಮದೇ."

ಆಗ ಮರ ಕಡಿಯುವವನು ಬಂದ. ಮಿತಭಾಷಿ. ಮರವನ್ನು ಎರಡು ಸುತ್ತು ಹಾಕಿ, ಬುಡವನ್ನು ತಟ್ಟಿ ನೋಡಿ, ಮೇಲಕ್ಕೆ ಹಗ್ಗ ಕಟ್ಟಿ ಹಿತ್ತಲ ಕಡೆಗೆ ಬಿಗಿಯಾಗಿ ಎಳೆದು ಕಟ್ಟಿದ. "ಕಕ್ಕಸಿನ ಮುಂದೆ ಮಲಗಿಸ್ತೀನಿ ಸಾರ್. ಅಡುಗೆಮನೆಗೆ ಏನೂ ಆಗಲ್ಲ," ಎಂದ.

"ನಾನು ಹೇಳೋವರೆಗೂ ಗರಗಸ ಮುಟ್ಟೋ ಹಾಗಿಲ್ಲ," ಎಂದರು ಸಾಹೇಬರು.

ಗರಗಸದ ಮೆಷಿನ್ನಿನ ಅಬ್ಬರದಲ್ಲಿ ಕೂಗಿದರೆ ಯಾರಿಗೂ ಕೇಳುವುದಿಲ್ಲವಲ್ಲ, ಅದಕ್ಕೂ ಏರ್ಪಾಡಿತ್ತು! ಗೇಟಿನ ಪಕ್ಕ ಬಟ್ಟೆ ಒಣಗಿಸುವ ಹಗ್ಗದ ಮೇಲೆ ಕೆಂಪು ಬಟ್ಟೆ ಇದ್ದರೆ ನಿಲ್ಲಬೇಕು. ಹಸಿರು ಬಂದರೆ ಕಡಿಯಬೇಕು. ಇದನ್ನು ಮರ ಕಡಿಯುವವನಿಗೆ ಮೂರು ಸಲ ಬಿಡಿಸಿ ಹೇಳಿದರು. ಹೆಂಡತಿಗೆ ಹೇಳಲಿಲ್ಲ. ಪ್ಲಾನಿನ ಪ್ರಕಾರ ಅವರ ಕೆಲಸ ಗೇಟಿನ ಬಳಿ ಸುಮ್ಮನೆ ನಿಲ್ಲುವುದಷ್ಟೇ.

ಎಲ್ಲ ಸಿದ್ಧವಾಯಿತು. ಸಾಹೇಬರು ಹೆಲ್ಮೆಟ್ಟು ಏರಿಸಿ, ಕೊರಳಿಗೆ ಸೀಟಿ ಹಾಕಿಕೊಂಡರು. ಮೂವತ್ತೊಂದು ವರ್ಷದ ವಿದ್ಯೆಯೆಲ್ಲ ಈ ಒಂದು ಗಳಿಗೆಗಾಗಿಯೇ ಇತ್ತು. ಆದರೆ ಬೆಳಗ್ಗೆಯಿಂದ ಉದ್ವೇಗದಲ್ಲಿ ಕುಡಿದಿದ್ದ ಐದು ಲೋಟ ಕಾಫಿಗೆ ಪ್ಲಾನಿನಲ್ಲಿ ಜಾಗವಿರಲಿಲ್ಲ. ಹೊಟ್ಟೆ ಗುಡುಗುಡು ಎಂದಿತು. ಅಡುಗೆಮನೆಯ ಕೆಂಪು ಪರದೆಯನ್ನು ಹಗ್ಗಕ್ಕೆ ಸಿಕ್ಕಿಸಿ, ಯಾರಿಗೂ ಹೇಳದೆ, ಮನೆಯ ಹಿಂದಿನಿಂದ ಓಡಿಹೋಗಿ ಕಕ್ಕಸು ಸೇರಿಕೊಂಡರು.

ಇತ್ತ ಸುಮ್ಮನೆ ನಿಲ್ಲುವ ಕೆಲಸ ಹೆಂಡತಿಗೆ ಜನ್ಮದಲ್ಲಿ ಒಗ್ಗಿರಲಿಲ್ಲ. ಗೇಟಿನ ನಲ್ಲಿಯ ಕೆಳಗೆ ನೆನೆಹಾಕಿದ ಬಟ್ಟೆಯಿತ್ತು. ಒಗೆದರು, ಹಿಂಡಿದರು. ಹಗ್ಗ ನೋಡಿದರೆ ತಮ್ಮ ಅಡುಗೆಮನೆಯ ಪರದೆ ಬಿಸಿಲಿಗೆ ಮಾಸುತ್ತಾ ನೇತಾಡುತ್ತಿದೆ.

"ಒಣಗಿರೋದನ್ನ ಇಲ್ಲಿ ಯಾಕೆ ತಂದು ಹಾಕಿದ್ದಾರೋ," ಎಂದು ಅದನ್ನು ತೆಗೆದು ಮಡಿಸಿಟ್ಟು, ಆ ಜಾಗದಲ್ಲಿ ಗಂಡನ ಹಸಿರು ಟವೆಲ್ಲು ಹರವಿದರು.

ಗರಗಸ ಭರ್ರೆಂದಿತು.

ಒಳಗೆ ಕೂತ ಸಾಹೇಬರು, ಮೆಷಿನ್ ಬಿಸಿ ಮಾಡಿಕೊಳ್ಳುತ್ತಿದ್ದಾನೆ ಎಂದುಕೊಂಡರು. ಆಮೇಲೆ ಮರ ಕರಕರ ಎಂದಿತು. ಮೆಷಿನ್ ಬಿಸಿಯಾಗುವಾಗ ಮರ ಹಾಗೆ ಸದ್ದು ಮಾಡುವುದಿಲ್ಲವೆಂದು ಹೊಳೆದದ್ದೇ ತಡ, ಸಾಹೇಬರು ಸೀಟಿ ಊದಿದರು. ಜೀವ ಬಾಯಿಗೆ ಬರುವಂತೆ ಊದಿದರು! ಅದು ಅವರಿಗೇ ಕೇಳಿಸಲಿಲ್ಲ. ಧಡಾರ್ ಎಂದು ನೆಲ ನಡುಗಿ, ಕಿಟಕಿಯ ಕಿಂಡಿಯಿಂದ ಒಣ ರೆಂಬೆಯೊಂದು ತೂರಿ ಬಂದು ಅವರ ಮೂಗಿನ ಎದುರು ನಿಂತಿತು. ಬಾಗಿಲು ಹೊರಕ್ಕೆ ತೆರೆಯುವಂಥದ್ದು. ತಳ್ಳಿದರೆ ಜಪ್ಪಯ್ಯ ಎನ್ನಲಿಲ್ಲ.

"ಯಾರದು ಒಳಗೆ?" ಎಂದ ಮರ ಕಡಿಯುವವನು ಗಾಬರಿಯಿಂದ.

"ನಾನು ಕಣಯ್ಯಾ! ಒಳಗೆ ಜನ ಇದಾರೋ ಇಲ್ವೋ ನೋಡೋದು ಬೇಡ್ವಾ?"

"ನೋಡ್ದೆ ಸಾರ್. ಬೆಳಗ್ಗೆ ನೀವೇ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ಪರೀಕ್ಷಿಸಲಾಗಿದೆ, ಖಾಲಿ' ಅಂತ ಬರೆದು ಸಹಿ ಹಾಕಿದೀರಿ."

ಹೆಂಡತಿ ಓಡಿ ಬಂದು ಬಾಗಿಲ ಸಂದಿಗೆ ಕಣ್ಣಿಟ್ಟರು.

"ಏನೂ ಆಗಿಲ್ಲ ತಾನೆ ರೀ?"

"ಇಲ್ಲ ಕಣೇ. ಅಡುಗೆಮನೆ?"

"ಒಂದು ಹೆಂಚೂ ಅಲುಗಾಡಿಲ್ಲ."

ಸಾಹೇಬರಿಗೆ ಸಮಾಧಾನವಾಯಿತು, ಅದರ ಹಿಂದೆಯೇ ಸಂಕಟವೂ ಆಯಿತು. ತಾವು ಅಲ್ಲಿಲ್ಲದೆಯೇ ಎಲ್ಲ ಇಷ್ಟು ಚೆನ್ನಾಗಿ ಆಗಿಹೋಯಿತಲ್ಲ.

ಮರ ಕಡಿಯುವವನು ತಲೆ ಕೆರೆದುಕೊಂಡು ಹೆಂಡತಿಯನ್ನು ಕೇಳಿದ. "ಅಮ್ಮಾ, ಬೇಲಿ ಹತ್ರ ಇನ್ನೂ ಎರಡು ಒಣಮರ ಇದೆ. ಮೊದಲು ಈ ಕೊಂಬೆ ಕಡಿದು ಸಾರನ್ನ ಈಚೆ ಕರೆದುಬಿಡ್ಲಾ?"

ಹೆಂಡತಿ ಬಾಗಿಲನ್ನೊಮ್ಮೆ ನೋಡಿದರು, ಬೇಲಿಯನ್ನೊಮ್ಮೆ ನೋಡಿದರು.

"ಅವೆರಡನ್ನೂ ಮುಗಿಸಿಬಿಡಪ್ಪ. ಇವರು ಈಚೆ ಬಂದ್ರೆ ಮತ್ತೆ ಪ್ಲಾನ್ ಮಾಡ್ತಾರೆ."