ಅರಿಶಿನದ ಜಾಲತಾಣಕ್ಕೆ ನಾನು ಇಟ್ಟ ಹೆಸರು

ಹೆಸರಿಡುವ ಕೆಲಸವನ್ನು ಹಿರಿಯರಿಗೆ ಬಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಾನೇ ಹಿರಿಯನಾದ ಮೇಲಂತೂ ಅದು ಮತ್ತಷ್ಟು ಗಟ್ಟಿಯಾಗಿದೆ. ನಾನು ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತನಾದವನು. ದಾರಿಯ ಊರುಗಳನ್ನೆಲ್ಲ ಮೈಕಿನಲ್ಲಿ ಸಾಲಾಗಿ, ಒಂದನ್ನೂ ಬಿಡದೆ ಕೂಗಿದವನು. ಈಗಲೂ ನಮ್ಮ ಮನೆಯ ತಂತಿಯ ಮೇಲೆ ಒಗೆದ ಬಟ್ಟೆಗಳು ಉದ್ದದ ಪ್ರಕಾರವೇ ಒಣಗಬೇಕು.

ಉಡಿಗಾಲದಲ್ಲಿರುವ ನನ್ನ ತಂಗಿ ನಾಗಮ್ಮ ಸ್ವಂತ ಹೊಲದ ಅರಿಶಿನವನ್ನು ಬೇಯಿಸಿ, ಒಣಗಿಸಿ, ಪುಡಿ ಮಾಡಿಸಿ ಗುಂಡ್ಲುಪೇಟೆಯ ಹೆದ್ದಾರಿ ಬದಿಯಲ್ಲಿ ಮಾರುತ್ತಾಳೆ. ಊಟಿಗೂ ಕೇರಳಕ್ಕೂ ಹೋಗುವ ಕಾರಿನವರು ಹೂವಿನ ಹೊಲದಲ್ಲಿ ಫೋಟೊ ತೆಗೆದುಕೊಂಡು, ಅವಳ ಬಳಿ ಪೊಟ್ಟಣ ಕೊಂಡು ಹೋಗುತ್ತಾರೆ. ಪುಡಿ ಮುಗಿದ ಮೇಲೆ ಯಾರನ್ನು ಕೇಳಬೇಕೆಂದು ಅವರಿಗೆ ತಿಳಿಯದು. ಒಮ್ಮೆ ಹೋದ ಗಿರಾಕಿ ಹೋದಂತೆಯೇ. ಕಚೇರಿಯಲ್ಲಿ ಕೆಲಸ ಮಾಡುವ ಅವಳ ಮಗಳು ರಶ್ಮಿ ಅದಕ್ಕಾಗಿಯೇ ಜಾಲತಾಣ ಮಾಡಲು ಹೊರಟಳು. "ಒಂದು ಹೆಸ್ರು ಹೇಳಿ ಮಾವ. ಓದಕ್ಕೆ ಸುಲಭ ಇರ್ಬೇಕು, ಒಂದ್ಸಲ ಕೇಳಿದ್ರೆ ಮರೀಬಾರ್ದು" ಎಂದಳು.

ನಾನು ಅದನ್ನು ಲಗ್ನಪತ್ರಿಕೆಯ ಕ್ರಮದಲ್ಲಿ ಶುರುಮಾಡಿದೆ. ಮೇಲೆ ಮನೆದೇವರು ಮಾದಪ್ಪ, ಆಮೇಲೆ ಊರು, ಆಮೇಲೆ ಹಿರಿಯರು. ಒಬ್ಬರನ್ನು ಬಿಟ್ಟರೂ ಅವರು ಊಟಕ್ಕೆ ಬರುವುದಿಲ್ಲ ತಾನೆ? ಹೊಲ ನಾಗಮ್ಮನ ಗಂಡ ಸಿದ್ದಪ್ಪನದು, ಆದ್ದರಿಂದ ಅವನ ತಂದೆ ನಂಜಪ್ಪನವರನ್ನು ಸೇರಿಸಿದೆ. ಸಿದ್ದಪ್ಪ ಮುಖ ಸಣ್ಣ ಮಾಡಿದ. "ನಮ್ಮಪ್ಪನ ಎಸ್ರಾಕಿ ದೊಡ್ಡಪ್ಪನ ಬುಟ್ರೆ ಊರಲ್ಲಿ ತಲೆ ಎತ್ಕಂಡು ತಿರ್ಗಕಾದದಾ ಬಾವ?" ಮಾತು ನ್ಯಾಯವಾದದ್ದೇ, ದೊಡ್ಡಪ್ಪ ಬಸಪ್ಪನವರನ್ನೂ ಸೇರಿಸಿದೆ. ಕೊನೆಗೆ ಹೆಸರು ಸಿದ್ಧವಾಯಿತು: ಶ್ರೀ ಮಹದೇಶ್ವರ ಕೃಪಾ ಉಡಿಗಾಲ ನಂಜಪ್ಪ ಬಸಪ್ಪ ಸಹೋದರರ ಶುದ್ಧ ಅರಿಶಿನ ಡಾಟ್ ಕಾಮ್.

ರಶ್ಮಿ ಅದನ್ನು ಮೊಬೈಲಿನಲ್ಲಿ ಟೈಪ್ ಮಾಡಿ ನೋಡಿದಳು. "ಇದ್ರಲ್ಲಿ ಪದಗಳ ಮಧ್ಯೆ ಜಾಗ ಬಿಡಂಗಿಲ್ಲ ಮಾವ" ಎಂದಳು. ಮದುವೆ ಬಸ್ಸಿನಲ್ಲೂ ಜಾಗ ಇರುವುದಿಲ್ಲ, ಆದರೂ ಎಲ್ಲರೂ ಊರು ಸೇರುತ್ತಾರೆ ಎಂದೆ. "ಹಂಗಾದ್ರೆ ಒಬ್ರು ಗಿರಾಕಿಗೆ ಹೇಳಿ ನೋಡನ" ಎಂದಳು.

ಭಾನುವಾರ ಹೆದ್ದಾರಿ ಬದಿಗೆ ಹೋದೆವು. ಕೇರಳದ ಒಂದು ಕುಟುಂಬ ಪೊಟ್ಟಣ ಕೊಂಡು ಕಾರು ಹತ್ತಿತು. ಇನ್ನೊಮ್ಮೆ ಬೇಕಾದರೆ ಎಲ್ಲಿ ಸಿಗುತ್ತದೆ ಎಂದು ಹೆಂಗಸು ಕಿಟಕಿಯಿಂದ ಕೇಳಿದಳು. ನಾನು ಗಂಟಲು ಸರಿಮಾಡಿಕೊಂಡು ದೇವರಿಂದ ಆರಂಭಿಸಿದೆ. ಉಡಿಗಾಲಕ್ಕೆ ಬರುವಾಗ ಅವಳ ಗಂಡ ಎಂಜಿನ್ ಚಾಲೂ ಮಾಡಿದ. ನಂಜಪ್ಪನವರ ಹೊತ್ತಿಗೆ ಗಾಜು ಅರ್ಧ ಏರಿತ್ತು.

"ಅಣ್ಣಯ್ಯ, ನೀನು ಅರಿಸ್ಣ ಮುಟ್ಟೋವತ್ಗೆ ಅವ್ರು ಕೇರಳ ಮುಟ್ಟಿರ್ತಾರೆ ಕಣಣ್ಣ!" ಎಂದಳು ನಾಗಮ್ಮ.

ಅಷ್ಟರಲ್ಲಿ ಪಕ್ಕದ ಅಂಗಡಿಯವನು, "ನಾಗಕ್ಕಾ, ಟೀ ಕಳಿಸ್ಲಾ?" ಎಂದು ಕೂಗಿದ. ಗಾಜು ನಿಂತಿತು. ಕಾರಿನ ಹೆಂಗಸು "ನಾಗಕ್ಕ, ನಾಗಕ್ಕ" ಎಂದು ಎರಡು ಸಲ ಹೇಳಿಕೊಂಡು, ನಕ್ಕು ಕೈಬೀಸಿ ಹೊರಟುಹೋದಳು. ರಶ್ಮಿ ನನ್ನ ಮುಖ ನೋಡಿದಳು. ನಾನು ಹೂವಿನ ಹೊಲ ನೋಡಿದೆ. ನಿಂತ ನಿಲುವಿನಲ್ಲೇ ಅವಳು ಮೊಬೈಲಿನಲ್ಲಿ 'ನಾಗಕ್ಕ ಡಾಟ್ ಕಾಮ್' ಕೊಂಡುಬಿಟ್ಟಳು.

ಸಿದ್ದಪ್ಪ ಮುನಿಸಿಕೊಳ್ಳುತ್ತಾನೆಂದು ಹೆದರಿದ್ದೆ. "ಮಾದಪ್ಪಂಗೇ ಜಾಗ ಸಿಕ್ನಿಲ್ಲ, ನಮ್ಮಪ್ಪಂದೇನು, ಬುಡಿ ಬಾವ" ಎಂದು ಅವನೇ ನನಗೆ ಸಮಾಧಾನ ಹೇಳಿದ.

ಈಗ ಕೇರಳದಿಂದ ಆರ್ಡರ್‌ಗಳು ಬರುತ್ತವೆ. ಶಿಸ್ತಿನ ಮನುಷ್ಯನೆಂದು ಫೋನಿನ ಜವಾಬ್ದಾರಿಯನ್ನು ನನಗೇ ಕೊಟ್ಟಿದ್ದಾರೆ. ನಾಗಮ್ಮನ ಮನೆಯ ಜಗಲಿಯಲ್ಲಿ ಕೂತು, ರಿಂಗಾದ ಕೂಡಲೇ ಎತ್ತಿ, ಸ್ಪಷ್ಟವಾಗಿ, "ನಮಸ್ಕಾರ, ನಾಗಕ್ಕ" ಎನ್ನುತ್ತೇನೆ. ನಾನೇ ತೊಟ್ಟಿಲು ತೂಗಿದ ತಂಗಿ ಅವಳು. ಪ್ರತಿ ಸಲವೂ ಒಳಗಿನಿಂದ, "ಏನಪ್ಪಾ ತಮ್ಮಾ?" ಎಂದು ಓಗೊಡುತ್ತಾಳೆ. ನಾನು ಹಿರಿಯ, ಇಂಥ ಮಾತಿಗೆಲ್ಲ ಉತ್ತರ ಕೊಡುವುದಿಲ್ಲ. ಅವಳು ಹೇಳಿದ ಪಾರ್ಸೆಲ್ ಕಟ್ಟುತ್ತೇನೆ.