ಗುಣಮಟ್ಟ ಪರೀಕ್ಷೆಯಲ್ಲಿ ಪಾಸಾದ ರಾಕ್ ಆಲ್ಬಂ

ಹೈದರಾಬಾದಿನ ನಮ್ಮ ಸಾಫ್ಟ್‌ವೇರ್ ಕಂಪನಿಯು 2004ರಲ್ಲಿ ಹೊರತಂದ ಕನ್ನಡ ರಾಕ್ ಆಲ್ಬಂನಲ್ಲಿ ಒಂದೇ ಒಂದು ದೋಷವೂ ಇರಲಿಲ್ಲವೆಂಬುದು ಅಧಿಕೃತವಾಗಿ ದಾಖಲಾದ ಸಂಗತಿ.

ಹಾಡಿದವಳು ಟೆಸ್ಟಿಂಗ್ ವಿಭಾಗದ ಶಿವಗಂಗಾ. ಅವಳು ಮನೆಯಲ್ಲಿ ಅಭ್ಯಾಸ ಮಾಡಿದರೆ ಲಿಂಗಂಪಲ್ಲಿಯ ನೆರೆಹೊರೆಯವರು ‘ಹುಡುಗಿ ಒದರತಾಳ’ ಎಂದು ಆಡಿಕೊಳ್ಳುತ್ತಿದ್ದರು. ಅದು ಒದರಾಟವಲ್ಲ, ಹಾಡು ಎಂದು ತಾಯಿ ಬಸಲಿಂಗಮ್ಮನಿಗೆ ಮನವರಿಕೆಯಾದರೆ ಸಾಕೆಂಬುದೇ ಅವಳ ಆಸೆ. ಡ್ರಮ್ಮಿಗೆ ಸಹೋದ್ಯೋಗಿ ಗೊಲ್ಲಾಳಪ್ಪ. ನಿರ್ಮಾಪಕರನ್ನಾಗಿ ಕಂಪನಿಯು ಗುಣಮಟ್ಟ ವಿಭಾಗದ ಮ್ಯಾನೇಜರ್ ಕಾಶಿನಾಥ ಅವರನ್ನು ನೇಮಿಸಿತು. ಸಂಗೀತದ ಪೂರ್ವಗ್ರಹ ಅವರಿಗೆ ಲವಲೇಶವೂ ಇರಲಿಲ್ಲ.

ಬಾಗಿಲು ಭದ್ರವಾಗಿ ಮುಚ್ಚುತ್ತಿದ್ದುದು ಸರ್ವರ್ ಕೋಣೆಯೊಂದರದೇ ಆದ್ದರಿಂದ ಧ್ವನಿಮುದ್ರಣ ಅಲ್ಲೇ ನಡೆಯಿತು. ಯಂತ್ರಗಳನ್ನು ತಂಪಾಗಿಡುವ ಅಲ್ಲಿನ ಏಸಿಯನ್ನು ಆರಿಸಲು ಕಂಪನಿಯ ಅಮೆರಿಕದ ಗ್ರಾಹಕರ ಒಪ್ಪಿಗೆ ಬೇಕಿತ್ತು. ಹೀಗಾಗಿ ಏಸಿಯೂ ಮುದ್ರಣವಾಯಿತು.

ಮೊದಲ ಪರಿಶೀಲನೆಯಲ್ಲಿ ಗಿಟಾರಿನ ಗರಗರ ಸದ್ದನ್ನು ದೋಷವೆಂದು ಗುರುತಿಸಿ ಸರಿಪಡಿಸಲಾಯಿತು. ಗಿಟಾರು ಭಜನೆಯ ಏಕತಾರಿಯಷ್ಟು ವಿನಯವಂತವಾಯಿತು. ಒಂದೇ ಮಾತು ಎರಡು ಸಲ ಬಂದಿದೆಯೆಂದು ಪ್ರತಿಧ್ವನಿಯನ್ನು ಅಳಿಸಿದರು. ಡ್ರಮ್ಮಿಗೆ ಕಂಬಳಿ ಹೊದಿಸಿದರು.

“ಇದು ರಾಕ್ ಐತ್ರಿ ಸರ್, ಬಡೀಬೇಕ್ರಿ,” ಎಂದ ಗೊಲ್ಲಾಳಪ್ಪ.

“ಬಡೀರಿ, ಯಾರ್ ಬ್ಯಾಡ ಅಂದಾರ? ಸಪ್ಪಳ ಆಗಬಾರದು, ಅಷ್ಟ,” ಎಂದರು ಕಾಶಿನಾಥ.

ಮರುದಿನವೇ ಸುತ್ತೋಲೆ ಹೊರಟಿತು: ‘ಕಚೇರಿಯಲ್ಲಿ ಹಾಲಿ ಇರುವ ಸದ್ದನ್ನು ಯಾವುದೇ ವಾದ್ಯವಾಗಲಿ ಗಾಯಕಿಯಾಗಲಿ ಮೀರತಕ್ಕದ್ದಲ್ಲ.’ ಹಾಲಿ ಇದ್ದ ಸದ್ದು ಏಸಿಯದು. ಮಿಕ್ಸಿಂಗಿನಲ್ಲಿ ಎಲ್ಲರನ್ನೂ ಅದರ ಕೆಳಗೆ ಇಳಿಸಲಾಯಿತು. ಶಿವಗಂಗಾಳ ದನಿ ಮೇಲಿನ ಸ್ವರದಲ್ಲಿ ಬಿರಿಯುತ್ತಿತ್ತು. ಆಲ್ಬಂನ ಜೀವವೇ ಅದು. ಮೊದಲ ಸಲ ಕೇಳಿದಾಗ ನನ್ನ ಮೈ ಜುಮ್ಮೆಂದಿತ್ತು. ಬಿರುಕುಬಿಟ್ಟ ಮಾಲನ್ನು ಬಿಡುಗಡೆ ಮಾಡುವ ಪದ್ಧತಿ ನಮ್ಮಲ್ಲಿಲ್ಲ. ಆದ್ದರಿಂದ ಆ ದನಿಯನ್ನು ಇನ್ನಷ್ಟು ಕೆಳಗೆ ತಳ್ಳಿದರು.

“ನನ್ನ ದನಿ ಎಲ್ಲಿ ಹೋತ್ರಿ ಸರ್?”

“ಎಲ್ಲೂ ಹೋಗಿಲ್ಲವಾ, ಫೈಲಿನ್ಯಾಗ ಐತಿ. ಬೇಕಂದ್ರ ಗ್ರಾಫ್ ತೋರಸ್ತೀನಿ.”

ಆಲ್ಬಂ ಬಿಡುಗಡೆಯಾಯಿತು. ಎಲ್ಲ ಹಾಡುಗಳಲ್ಲೂ ಏಸಿ ಸ್ಪಷ್ಟವಾಗಿ, ಶ್ರುತಿಬದ್ಧವಾಗಿ ಕೇಳುತ್ತಿತ್ತು. ಇಷ್ಟು ಶಾಂತವಾದ ರಾಕ್ ತಾವು ಕೇಳಿರಲಿಲ್ಲವೆಂದು ಅಮೆರಿಕದ ಗ್ರಾಹಕರು ಮೆಚ್ಚುಗೆ ತಿಳಿಸಿದರು.

ಬಸಲಿಂಗಮ್ಮ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು. ಮಗಳು ಅವರ ಮುಖವನ್ನೇ ನೋಡುತ್ತ ಕೂತಿದ್ದಳು.

“ಭಾಳ ಛಲೋ ಐತಿ,” ಎಂದರು ತಾಯಿ, ಸೆರಗು ಹೊದ್ದುಕೊಳ್ಳುತ್ತ. “ಮಂದಿ ಸುಳ್ಳ ಆಡ್ಕೋತಾರ. ನನ್ನ ಮಗಳು ಒಂದ ಸಲಾನೂ ಒದರಿಲ್ಲ.”

“ಹೌದವ್ವ,” ಎಂದಳು ಶಿವಗಂಗಾ. ಎರಡನೆಯ ಆಲ್ಬಂಗೆ ಅವಳು ಬಾಯಿ ತೆರೆಯದೆಯೇ ಹಾಡಿದಳು. ಪರಿಶೀಲನೆ ಒಂದೇ ಸುತ್ತಿನಲ್ಲಿ ಮುಗಿಯಿತು.