ಮಾಷ್ಟ್ರ ಐನೂರು ಪದಗಳು

ಸಿ ಭಾಷೆಯಲ್ಲಿ ಫೈಲು ಓದಿ ಪದ ಎಣಿಸುವ ಪ್ರೋಗ್ರಾಮನ್ನು ಕಾಸರಗೋಡು ಜಿಲ್ಲೆಯಲ್ಲೇ ಮೊದಲು ಬರೆದವ ನಾನು. ಇಲ್ಲ, ಸುಳ್ಳು; ಚಾಯ ಕುಡಿಯುತ್ತ ಕೇಳುವ ನಿಮ್ಮ ಹತ್ತಿರ ಎಂತಕ್ಕೆ ಮುಚ್ಚುವುದು. ಪುಸ್ತಕ ನೋಡಿ ಕಾಪಿ ಹೊಡೆದದ್ದು, ಅದೂ ನಡುವೆ ಎರಡು ಸಾಲು ಬಿಟ್ಟು. ಕಂಪ್ಯೂಟರ್ ಕಲಿಸುವವನ ಬದುಕಿನಲ್ಲಿ ಇಂಥದ್ದು ಆಗುತ್ತಲೇ ಇರುತ್ತದೆ. ಆದರೆ ಎರಡು ಸಾವಿರದ ನಾಲ್ಕರಲ್ಲಿ ಒಂದೇ ದಿನ ಆದಷ್ಟು ಮತ್ತೆಂದೂ ಆಗಲಿಲ್ಲ.

ನಾನಾಗ ಹೊಸಂಗಡಿಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿದ್ದೆ. ಮೀಂಜದ ಕಡೆಯ ಕನ್ನಡ ಮಾಷ್ಟ್ರೊಬ್ಬರು ಬೆಳಿಗ್ಗೆಯೇ ಬಂದು ಕೂತರು. ಅಧ್ಯಾಪಕರಿಗೆ ಪ್ರಬಂಧ ಸ್ಪರ್ಧೆ. ಐನೂರು ಪದ ಮೀರಿದರೆ ತಿರಸ್ಕಾರ. ಸಂಜೆ ಐದರೊಳಗೆ ಕಾಸರಗೋಡಿನ ಆಫೀಸಿಗೆ ಮುಟ್ಟಿಸಬೇಕು. ಬರುವ ತಿಂಗಳು ಅವರಿಗೆ ನಿವೃತ್ತಿ. ಇನ್ನೊಂದು ಅವಕಾಶ ಇಲ್ಲ.

"ಹೋದ ಸಲ ಉದ್ದ ಆಯಿತೆಂದು ಓದದೆಯೇ ಬಿಸಾಡಿದರು ಮಾರಾಯ. ಸರಿಯಾಗಿ ಎಣಿಸಿ ಕೊಡು."

ನನ್ನ ಪ್ರೋಗ್ರಾಮಿನ ಗುಣ ಗೊತ್ತಿದ್ದೂ ಹೂಂ ಎಂದೆ.

ಗಾಳಿಯ ಲೆಕ್ಕ

ಟೈಪಿಂಗಿನ ಅಕ್ಕ ಪ್ರಬಂಧ ಕುಟ್ಟಿ ಮುಗಿಸಿದರು. ಪ್ರೋಗ್ರಾಮು ಓಡಿಸಿದೆ. ಉತ್ತರ: ಸಾವಿರದ ಎಪ್ಪತ್ತೆಂಟು.

ಮಾಷ್ಟ್ರು ಮೇಜು ಹಿಡಿದುಕೊಂಡರು. "ಎಂತ ಇದು? ನಾನು ಬೆರಳು ಮಡಚಿ ಎಣಿಸಿದ್ದು ಐನೂರ ನಲ್ವತ್ತು!"

ನನ್ನ ಪ್ರೋಗ್ರಾಮು ಪದ ಎಣಿಸುತ್ತಿರಲಿಲ್ಲ, ಪದಗಳ ನಡುವಿನ ಖಾಲಿ ಜಾಗ ಎಣಿಸುತ್ತಿತ್ತು. ಅಕ್ಕನಿಗೋ, ಒಂದೊಂದು ಪದ ಆದಮೇಲೂ ಎರಡೆರಡು ಸಲ ಸ್ಪೇಸ್ ಒತ್ತುವ ಅಭ್ಯಾಸ. ಕೇಳಿದರೆ, "ಅಕ್ಷರಕ್ಕೆ ಸ್ವಲ್ಪ ಗಾಳಿ ಬೇಡವಾ?"

"ಹೆದರಬೇಡಿ ಮಾಷ್ಟ್ರೇ," ಎಂದೆ. "ಪದ ನೀವು ಹೇಳಿದಷ್ಟೇ ಉಂಟು. ಉಳಿದದ್ದು ಅಕ್ಕ ಬಿಟ್ಟ ಗಾಳಿ."

ಅಕ್ಕ ಕೀಬೋರ್ಡು ಎತ್ತಿದರು.

ಎರಡು ನಮಸ್ಕಾರ

ಪ್ರೋಗ್ರಾಮು ತಿದ್ದಿದೆ. ಐನೂರ ನಲ್ವತ್ತೊಂದು.

"ಆ ಒಂದು ಎಲ್ಲಿಂದ ಬಂತು?" ಮಾಷ್ಟ್ರು ಬೆವರಿದರು.

ಪರೀಕ್ಷೆಗೆಂದು 'ನಮಸ್ಕಾರ' ಎಂಬ ಒಂದೇ ಪದದ ಫೈಲು ಕೊಟ್ಟೆ. ಉತ್ತರ ಎರಡು! ಫೈಲು ಮುಗಿದದ್ದು ತಿಳಿಯದೆ ಅದು ಕೊನೆಯ ಪದವನ್ನು ಇನ್ನೊಮ್ಮೆ ಎಣಿಸುತ್ತಿತ್ತು.

"ಒಂದು ನಮಸ್ಕಾರಕ್ಕೆ ಎರಡಾ?"

"ನಿಮ್ಮ ಸರ್ವೀಸು ನೋಡಿ ಅದೇ ಇನ್ನೊಂದು ಹಾಕಿತು ಮಾಷ್ಟ್ರೇ."

ಲೆಕ್ಕ ಉಂಟು

ಅದನ್ನೂ ತಿದ್ದಿದೆ. ಇನ್ನು ನಲ್ವತ್ತು ಪದ ಕಡಿಯಬೇಕು. ಪ್ರಬಂಧ ನಮ್ಮ ಕಡೆ ನೀರಿಗಾಗಿ ಗುಡ್ಡ ಕೊರೆದು ಮಾಡುವ ಸುರಂಗಗಳ ಬಗ್ಗೆ. ಒಂದು ಪದ ಬಿಡಲೂ ಮಾಷ್ಟ್ರಿಗೆ ಮನಸ್ಸಿಲ್ಲ.

"ಕಡಿಯುವುದು ಎಂತಕ್ಕೆ? ಸಂಧಿ ಮಾಡುವ," ಎಂದರು.

'ನೀರು ಇಲ್ಲ ಎಂದು ಅಲ್ಲ' ಎಂಬ ನಾಲ್ಕು ಪದ 'ನೀರಿಲ್ಲವೆಂದಲ್ಲ' ಎಂದು ಒಂದಾಯಿತು. ಎರಡೂ ಮುಕ್ಕಾಲಿಗೆ ಸರಿಯಾಗಿ ಐನೂರು! ಬಸ್ಸು ಮೂರಕ್ಕೆ.

"ಸಂಖ್ಯೆ ಕೆಳಗೆ ಅಚ್ಚಾಗಲಿ, ಅವರಿಗೆ ಸಂಶಯ ಬೇಡ," ಎಂದರು. ಪ್ರೋಗ್ರಾಮೇ ಬರೆಯಲಿ ಎಂದು ನಾನು ಶೋಕಿ ಮಾಡಿದೆ. ಫೈಲಿನ ಕೊನೆಗೆ ಸೇರಿಸಬೇಕಾದರೆ ಇಂಗ್ಲಿಷಿನ 'ಎ' ಅಕ್ಷರ ಹಾಕಿ ತೆರೆಯಬೇಕು. ನಾನು 'ಡಬ್ಲ್ಯೂ' ಹಾಕಿದೆ. ಅದು ಇದ್ದದ್ದನ್ನೆಲ್ಲ ಒರೆಸಿ ಹೊಸತಾಗಿ ಬರೆಯುತ್ತದೆ. ಪ್ರಿಂಟರಿನಿಂದ ಬಂದ ಹಾಳೆಯಲ್ಲಿ ಒಂದೇ ಸಾಲು: ಒಟ್ಟು ಪದಗಳು ೫೦೦.

"ಪ್ರಬಂಧ ಎಲ್ಲಿ ಮಾರಾಯ?"

"ಲೆಕ್ಕ ಸರಿ ಉಂಟು ಮಾಷ್ಟ್ರೇ."

"ಲೆಕ್ಕ ಉಂಟು. ಪದ ಎಲ್ಲಿ?"

ಯಾರ ಹತ್ತಿರ ಜಗಳ

ಅಕ್ಕನ ಫ್ಲಾಪಿಯಲ್ಲಿ ಮೊದಲಿನ, ಐನೂರ ನಲ್ವತ್ತು ಪದದ ಪ್ರತಿ ಇತ್ತು. ತಿದ್ದಲು ಹೊತ್ತಿಲ್ಲ, ಕೆಳಗೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಹಾಗೆಯೇ ಪ್ರಿಂಟ್ ತೆಗೆದು ಇಬ್ಬರೂ ಓಡಿದೆವು. ಬಸ್ಸಿನ ಕುಲುಕಾಟದಲ್ಲಿ ಮಾಷ್ಟ್ರು ಪೆನ್ನಿನಲ್ಲೇ ಸಂಧಿ ಮಾಡುತ್ತ ಹೋದರು, ಪದದಿಂದ ಪದಕ್ಕೆ ಕೊಂಡಿ ಎಳೆದು. ಕುಂಬಳೆ ಮುಟ್ಟುವಾಗ ಇಪ್ಪತ್ತು, ಮೊಗ್ರಾಲಿನಲ್ಲಿ ಮೂವತ್ತು. ಕಾಸರಗೋಡಿನಲ್ಲಿ ಇಳಿದ ಮೇಲೆ ನಲ್ವತ್ತನೆಯದ್ದನ್ನು ನನ್ನ ಬೆನ್ನ ಮೇಲೆ ಕಾಗದ ಇಟ್ಟು ಮುಗಿಸಿದರು.

ಕೌಂಟರಿನ ಗುಮಾಸ್ತರಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬಾರದು. ಒಂದೊಂದೇ ಪದದ ಮೇಲೆ ಪೆನ್ಸಿಲು ಇಟ್ಟು ಎಣಿಸತೊಡಗಿದರು. ನನ್ನ ಎದೆ ಅವರಿಗಿಂತ ಬೇಗ ಎಣಿಸುತ್ತಿತ್ತು. ಪೆನ್ಸಿಲು ಮೊದಲ ಕೊಂಡಿಯ ಹತ್ತಿರ ನಿಂತಿತು.

"ಮಾಷೇ, ಇದೆಂತ?"

"ಸಂಧಿ."

"ಸಂಧಿಯಾ? ಯಾರ ಹತ್ತಿರ ಜಗಳ ಆಗಿತ್ತು?"

"ನಿಮ್ಮ ಐನೂರರ ಹತ್ತಿರ," ಎಂದರು ಮಾಷ್ಟ್ರು.

ಗುಮಾಸ್ತರು ನಕ್ಕು ಸೀಲು ಹೊಡೆದರು. ಪ್ರಬಂಧಕ್ಕೆ ಮೊದಲ ಬಹುಮಾನ ಬಂತು. ಆಯಿತು, ಸುಳ್ಳು ಬೇಡ, ಮೂರನೆಯದ್ದು. ಎಂತ ಹಾಗೆ ನೋಡುವುದು? ಕಥೆ ಹೇಳಿದ್ದಕ್ಕೆ ನನ್ನ ಚಾಯದ ದುಡ್ಡು ನೀವೇ ಕೊಟ್ಟುಬಿಡಿ.